ಸುಸ್ತು ಒಪ್ಪದ ಶೇಷಪ್ಪ

ಶೇಷಪ್ಪನನ್ನು ಒಂದು ಕಡೆ ಕೂರಿಸುವುದೆಂದರೆ ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆ. ಊಟಕ್ಕೆ ಕೂತರೂ ಅವನ ತೊಡೆ ಅಲ್ಲಾಡುತ್ತಲೇ ಇರುತ್ತಿತ್ತು. ಗೇಣಿ ಗದ್ದೆಯಲ್ಲಿ ಹಗಲೆಲ್ಲ ದುಡಿದು ಬಂದವನು ಬೆನ್ನು ಚಾಚದೆ ನೇರ ಗರಡಿಗೆ ನಡೆಯುತ್ತಿದ್ದ. "ಬಸುರಿ ಹೆಂಡ್ತಿ ಹತ್ರ ಒಂದು ಗಳಿಗೆ ಕೂತ್ರೆ ಎಂತ ಗಂಟು ಹೋಗ್ತದೆ?" ಎಂದು ಹೆಂಡತಿ ಹುಲಿಯಮ್ಮ ಗೊಣಗುವಷ್ಟರಲ್ಲಿ ಆಸಾಮಿ ಬೇಲಿ ದಾಟಿರುತ್ತಿದ್ದ.

ಹುಲಿಕಲ್ ಘಾಟಿಯ ಪಕ್ಕದ ಆ ಊರಿನಲ್ಲಿ ಗರಡಿಯೆಂದರೆ ಮಹಾ ಏನಲ್ಲ. ಒಂದು ಹುಲ್ಲಿನ ಮಾಡು, ಕೆಮ್ಮಣ್ಣಿನ ಅಖಾಡ, ಎತ್ತುವುದಕ್ಕೊಂದು ಗುಂಡುಕಲ್ಲು. ನಡೆಸುತ್ತಿದ್ದವನು ಗಾಡಿ ಹೊಡೆಯುವ ಜಟ್ಟಿಂಗಪ್ಪ. ಅವನದೊಂದು ಕಟ್ಟಳೆಯಿತ್ತು. ಬಸ್ಕಿ ಹೊಡೆಯುವವನನ್ನು ನಡುನಡುವೆ ತಡೆದು, "ಇನ್ನೆಷ್ಟು ಆಗ್ತದೆ?" ಎಂದು ಕೇಳುವನು. ಎರಡು ಎಂದವನು ಅಲ್ಲಿಗೇ ಬಿಟ್ಟು ಮೈ ಒರೆಸಿಕೊಳ್ಳಬೇಕು. ಉಳಿದ ಆ ಎರಡು ಬಸ್ಕಿಯ ಕಸುವು ಮನೆಗೆಲಸದ ಪಾಲು. "ಇದ್ದಬದ್ದ ಕಸುವೆಲ್ಲ ಇಲ್ಲೇ ಸುರಿದ್ರೆ ನಾಳೆ ನೇಗಿಲು ಹಿಡಿಯೋದು ಯಾರು, ನನ್ನಜ್ಜನಾ?" ಎನ್ನುತ್ತಿದ್ದ.

ಇದೆಲ್ಲ ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರ. ಇನ್ನೊಬ್ಬರ ಮೈಯೊಳಗೆ ಇಣುಕಿ ನೋಡಿದವರು ಯಾರು? ತೊಡೆ ಥರಗುಟ್ಟುತ್ತಿದ್ದರೂ ಶೇಷಪ್ಪ "ಇನ್ನೂ ಹತ್ತು" ಎನ್ನುತ್ತಿದ್ದ. ಶುದ್ಧ ಸುಳ್ಳು. ಆದರೆ ಸುಳ್ಳಿಗೂ ಒಂದು ಬೇರು ಇರುತ್ತದಲ್ಲ. ಅವನಪ್ಪ ಕನ್ನಪ್ಪ ಒಮ್ಮೆ ಉಳುಮೆಯ ನಡುವೆ, "ಯಾಕೋ ಸುಸ್ತು" ಎಂದು ಬದುವಿನ ಮೇಲೆ ಕೂತದ್ದು ಗದ್ದೆಯ ಒಡೆಯರ ಕಿವಿಗೆ ಬಿದ್ದಿತ್ತು. ಮುಂದಿನ ಮಳೆಗಾಲಕ್ಕೆ ಒಳ್ಳೆಯ ಗದ್ದೆ ಬೇರೆಯವರ ಪಾಲಾಯಿತು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಜ್ವರ ಬಂದು ಮಲಗಿದರೂ ಯಾರೂ ಸುಸ್ತು ಎನ್ನುವಂತಿರಲಿಲ್ಲ.

ಅರವತ್ತಾರನೇ ಇಸವಿಯ ಯುಗಾದಿ ಹತ್ತಿರ ಬಂತು. ಹಬ್ಬದ ಮಾರನೆಯ ದಿನ ಊರೆದುರು ಗುಂಡು ಎತ್ತುವುದು ಅಲ್ಲಿಯ ಪದ್ಧತಿ. ಈ ಸಲ ಒಡೆಯರ ಕಣ್ಣೆದುರೇ ಗುಂಡನ್ನು ಹೆಗಲಿಗೇರಿಸಬೇಕೆಂದು ಶೇಷಪ್ಪ ಹಠ ತೊಟ್ಟಿದ್ದ. ಅಷ್ಟರಲ್ಲಿ ಒಂದು ಬೆಳಿಗ್ಗೆ ಹುಲಿಯಮ್ಮನಿಗೆ ನೋವು ಶುರುವಾಯಿತು. ಒಳಗಿನ ನರಳಾಟ ಕೇಳುತ್ತ ಜಗಲಿಯಲ್ಲಿ ಕೂರುವುದು ಇವನಿಂದ ಆಗುವ ಮಾತೇ? ಗರಡಿಗೆ ಓಡಿದ. ಒಬ್ಬನೇ ಗುಂಡು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೊನೆಗೆ ಕಲ್ಲು ಮೊಣಕಾಲಿನಿಂದ ಮೇಲೇಳದಾದಾಗ ಮನೆಗೆ ಬಂದ.

ಸೂಲಗಿತ್ತಿ ಪುಷ್ಪಮ್ಮ ಬಾಗಿಲಲ್ಲೇ ನಿಂತಿದ್ದಳು. "ಮಗು ಅಡ್ಡ ತಿರುಗಿದೆ. ನನ್ನ ಕೈಲಿ ಆಗೂದಿಲ್ಲ ಮಾರಾಯ, ಆಸ್ಪತ್ರೆಗೆ ಹೊರಡಿ."

ಬಸ್ಸು ನಿಲ್ಲುವುದು ಗುಡ್ಡದ ಮೇಲೆ, ಅಲ್ಲಿಗೆ ಗಾಡಿ ಹತ್ತದ ಕಾಲುದಾರಿ. ಬಿದಿರಿನ ಗಳಕ್ಕೆ ಕಂಬಳಿಯ ಜೋಲಿ ಕಟ್ಟಿ ಹುಲಿಯಮ್ಮನನ್ನು ಮಲಗಿಸಿದರು. ಮುಂದೆ ಶೇಷಪ್ಪ, ಹಿಂದೆ ಜಟ್ಟಿಂಗಪ್ಪ, ಹೆಗಲು ಬದಲಿಸಲು ಪಕ್ಕದ ಮನೆಯ ಸುಬ್ಬಯ್ಯ.

ಅರ್ಧ ಏರು ಹತ್ತುವಾಗಲೇ ಜಟ್ಟಿಂಗಪ್ಪ ಕೂಗಿದ. "ಶೇಷ, ಸುಬ್ಬಯ್ಯಂಗೆ ಕೊಡು."

"ಬ್ಯಾಡ. ನಂಗೆಂತ ಆಗಿಲ್ಲ."

ಆಗಿತ್ತು. ಅದು ಅವನಿಗೂ ಗೊತ್ತಿತ್ತು. ಎದೆ ಡವಗುಟ್ಟುತ್ತಿತ್ತು, ಗಳ ಹಿಡಿದ ಬೆರಳಿನಲ್ಲಿ ಸ್ಪರ್ಶವೇ ಇರಲಿಲ್ಲ. ಆದರೂ ಹೆಂಡತಿಯನ್ನೇ ಹೊರಲಾರದವನು ಎಂದು ಊರು ಆಡಿಕೊಂಡರೆ? ಇನ್ನೊಂದು ತಿರುವು, ಇನ್ನೊಂದೇ ತಿರುವು ಎಂದುಕೊಳ್ಳುತ್ತ ಹತ್ತಿದ. ಸಡಿಲ ಕಲ್ಲಿನ ಮೇಲೆ ಮೊಣಕಾಲು ಕುಸಿಯಿತು. ಜೋಲಿ ಕೆಳಗಿನ ಕಂದರದ ಕಡೆ ವಾಲಿತು. ಹುಲಿಯಮ್ಮ ಕಿರುಚಿದಳು. ಸುಬ್ಬಯ್ಯ ಹಾರಿ ಬಂದು ಗಳಕ್ಕೆ ಹೆಗಲು ಕೊಡದಿದ್ದರೆ ಆ ದಿನ ಏನಾಗುತ್ತಿತ್ತೋ.

"ಸಾಯಿಸ್ತಿದ್ಯಲ್ಲೋ ಪಾಪಿ" ಎಂದು ಜಟ್ಟಿಂಗಪ್ಪ ಹಲ್ಲು ಕಡಿದ.

ಹುಲಿಯಮ್ಮ ಬೈಯಲಿಲ್ಲ. ನೋವಿನ ನಡುವೆ ಉಸಿರು ಹಿಡಿದು, "ಮನೆ ಬಿಟ್ಟಾಗಿಂದ ಗಳ ನಡುಗ್ತಾ ಇತ್ತು. ಮಲಗಿದ್ದ ನಂಗೇ ಗೊತ್ತಾಗ್ತಿತ್ತು, ಹೊತ್ತ ನಿಮಗೆ ಗೊತ್ತಾಗ್ಲಿಲ್ವಾ?" ಎಂದಳು.

ಶೇಷಪ್ಪ ಗಳವನ್ನು ಸುಬ್ಬಯ್ಯನಿಗೆ ಬಿಟ್ಟು ಪಕ್ಕದಲ್ಲಿ ನಡೆದ. ಬರಿಗೈಯಲ್ಲಿ ಗುಡ್ಡ ಹತ್ತುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸಂಜೆಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, "ಹಿಡ್ಕೊಳ್ಳಿ, ಅಪ್ಪ ಅಲ್ವಾ ನೀವು?" ಎಂದಳು. ಬೆಂಚಿನ ಮೇಲೆ ಊರವರಿದ್ದರು. ಔಷಧಿಗೆಂದು ಬಂದ ಒಡೆಯರ ಮನೆಯ ಕಾರಕೂನನೂ ಅಲ್ಲೇ ಕೂತು ಇವನನ್ನೇ ನೋಡುತ್ತಿದ್ದ. ಶೇಷಪ್ಪ ಎರಡೂ ಕೈ ಚಾಚಿದ. ಅವು ಇನ್ನೂ ನಡುಗುತ್ತಿದ್ದವು. ಕೈ ಹಿಂದಕ್ಕೆ ಎಳೆದುಕೊಂಡ.

"ಈಗ ಬ್ಯಾಡ ನರ್ಸಮ್ಮ. ನಂಗೆ ಸುಸ್ತಾಗಿದೆ. ಅವಳ ಪಕ್ಕ ಮಲಗ್ಸಿ" ಎಂದ, ಬೆಂಚಿನ ಕೊನೆಯವರೆಗೂ ಕೇಳುವ ಹಾಗೆ.