ಒಡೆದ ಬಳೆ ಚೂರು, ಮಾವನ ಆವಿಗೆ

ಒಡೆದ ಬಳೆ ಹೊತ್ತು ತಂದ ಸೊಸೆಯನ್ನು ಯಾವ ಅತ್ತೆ ಒಳಗೆ ಬಿಟ್ಟುಕೊಳ್ಳುತ್ತಾಳೆ, ನೀವೇ ಹೇಳಿ?

ನಾನು ತಂದಿದ್ದು ಒಂದೆರಡಲ್ಲ, ಒಂದು ಪೊಟ್ಟಣ! ಬಳ್ಳಾರಿಯ ಕೌಲ್ ಬಜಾರಿನ ಬಳೆ ಅಂಗಡಿಯಲ್ಲಿ ಕಸಕ್ಕೆ ಹಾಕಿದ್ದನ್ನು ಕೇಳಿ ಪಡೆದು, ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿದ್ದೆ. "ಮುತ್ತೈದಿ ಆಗಿ ಒಡದ ಬಳಿ ತಂದೀಯಲ್ಲ, ಬುದ್ಧಿ ಐತೇನ್ ನಿನಗ?" ಎಂದು ಅತ್ತೆ ಬಾಗಿಲಲ್ಲೇ ತಡೆದರು. (ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುವವಳಿಗೆ ಈ ಪ್ರಶ್ನೆ!)

ಬಳೆ ಬೇಕಾಗಿದ್ದು ಮಾವನಿಗೆ.

ಮಾವ ಹೆಂಚು ಸುಡುವವರು. ಆವಿಗೆ ಅಂದರೆ ಹೆಂಚು ಸುಡುವ ಗೂಡು; ಅದರ ಕಿಂಡಿಯಲ್ಲಿ ಬೆಂಕಿಯ ಬಣ್ಣ ನೋಡಿ "ಸಾಕು" ಎಂದರೆ ಸಾಕು. ನಲವತ್ತು ವರ್ಷ ಆ ಮಾತು ತಪ್ಪಿರಲಿಲ್ಲ. ಈ ವರ್ಷ ಎರಡು ಆವಿಗೆ ಹಾಳಾದವು. ಒಂದರಲ್ಲಿ ಹೆಂಚು ಹಸಿ, ಇನ್ನೊಂದರಲ್ಲಿ ಸುಟ್ಟು ಸೊಟ್ಟ. ಕಣ್ಣಿಗೆ ಪೊರೆ ಬಂದು ಬಣ್ಣವೇ ತಿಳಿಯುತ್ತಿಲ್ಲ. ನಾವೆಲ್ಲ ಗದರಿಸಿದರೂ ಒಪ್ಪಿಕೊಳ್ಳುತ್ತಾರೆಯೇ? ಛೇ! "ಉರಿಗಿ ಹಾಕಿದ ಭತ್ತದ ಹೊಟ್ಟು ಹಸಿ ಇತ್ತು" ಅನ್ನುತ್ತಾರೆ.

ಮೈದುನ ಬಳ್ಳಾರಿಯಿಂದ ಕಾವು ಅಳೆಯುವ ವೈರಿನ ಮೀಟರ್ ತಂದ. ಆವಿಗೆಯ ಕಾವಿಗೆ ವೈರು ಮೊದಲ ದಿನವೇ ಕರಕಲಾಯಿತು. ಅವನಿಗೆ ರೇಗಿತು. "ಈ ಸಲಾನೂ ಕೆಟ್ರ ಆವಿಗಿ ಕೆಡವಿಬಿಡ್ತೀನಿ. ಅಪ್ಪ ಬೆಂಕಿ ಮುಂದ ಕುಂದ್ರೋದು ಬ್ಯಾಡ" ಎಂದುಬಿಟ್ಟ. ಮಾವ ಅವತ್ತು ಊಟ ಬಿಟ್ಟರು.

ನನ್ನ ಲೆಕ್ಕಾಚಾರ ಸುಲಭದ್ದು. ಹೆಂಚು ಬೇಯುವ ಕಾವಿನಲ್ಲೇ ಬಳೆಯ ಗಾಜು ಮೆತ್ತಗಾಗಿ ಬಾಗುತ್ತದೆ. ವೈರೂ ಬೇಡ, ಕರೆಂಟೂ ಬೇಡ. ಮಣ್ಣಿನ ಉಂಡೆಗಳಿಗೆ ಬಳೆ ಚೂರು ನೆಟ್ಟಗೆ ಚುಚ್ಚಿ, ಬೆಂಕಿ ಕೊನೆಗೆ ಮುಟ್ಟುವ ಮೂಲೆಯಲ್ಲಿ, ಕಿಂಡಿಯ ಹತ್ತಿರ ಸಾಲಾಗಿ ಇಟ್ಟೆ. ಅತ್ತೆ ಆ ಕಡೆ ಮುಖ ತಿರುಗಿಸಿಯೂ ನೋಡಲಿಲ್ಲ.

ಸುಡುವಾಗ ಮೊದಲ ಉಂಡೆಯನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು, ಬೂದಿಯಲ್ಲಿ ಆರಿಸಿದೆವು. ನಾನು ನೋಡಲು ಬಗ್ಗಿದೆ. "ಸರಿಯವ್ವಾ, ಕೊಡಿಲ್ಲಿ" ಎಂದು ಮಾವ ಉಂಡೆ ಕಿತ್ತುಕೊಂಡು ಬೆರಳಾಡಿಸಿದರು.

"ಇನ್ನಾ ಸೆಟದು ನಿಂತಾವು. ಹೊಟ್ಟು ಹಾಕ್ರಿ!"

ನನಗೆ ಇದು ಹೊಳೆದೇ ಇರಲಿಲ್ಲ. ಬಳೆ ಬಾಗಿದ್ದನ್ನು ನಾನು ಕಣ್ಣಿಂದ ನೋಡಿ ಹೇಳಬೇಕೆಂದಿದ್ದೆ, ಅವರು ಬೆರಳಿಂದಲೇ ನೋಡಿಬಿಟ್ಟರು! ಎರಡನೆಯ ಉಂಡೆ ಬಂತು. "ತಲಿ ಬಗ್ಗಿಸ್ಯಾವು." ಮೂರನೆಯದು ಬಂತು. ಮಾವ ಸವರಿದರು, ಮತ್ತೊಮ್ಮೆ ಸವರಿದರು. "ಮಲಗ್ಯಾವು! ಸಾಕು, ಆವಿಗಿ ಬಾಯಿ ಮುಚ್ಚ್ರಿ!"

ಎಷ್ಟು ದಿನಗಳ ಮೇಲೆ ಕೇಳಿದ ದನಿ ಅದು!

ಆವಿಗೆ ಆರಲು ಬಿಟ್ಟು ಬಿಚ್ಚಿದಾಗ ಮೊದಲ ಹೆಂಚು ಎತ್ತಿಕೊಂಡವರು ಯಾರು ಗೊತ್ತೇ? ನಮ್ಮ ಅತ್ತೆ. ಬೆರಳ ಗಣ್ಣಿನಿಂದ ಬಡಿದರು. ಠಣ್! ಇನ್ನೊಂದು. ಠಣ್! ಒಂದೂ ಹಸಿಯಿಲ್ಲ, ಒಂದೂ ಸೊಟ್ಟವಿಲ್ಲ. ಕುರುಗೋಡಿನ ಶಾಲೆಯ ಚಾವಣಿಗೆ ಹೋಗಬೇಕಿದ್ದ ಹೆಂಚು ಅದೇ ವಾರ ಗಾಡಿಯೇರಿತು. "ಮುಂದಿನ ಸಲಕ್ಕ ಬಳಿ ಜಾಸ್ತಿ ತಗೊಂಬಾ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಗೆದ್ದೆನಲ್ಲಪ್ಪಾ!

ಮೈದುನ ತಲೆ ಕೆರೆದುಕೊಂಡು ಕೇಳಿದ: "ಅಪ್ಪಾ, ಮುಂದಿನ ಆವಿಗಿ ಯಾವಾಗ ಹಚ್ಚೂನು?"

"ತಡಿಯೋ" ಎಂದರು ಮಾವ. "ಮೊದಲ ಬಳ್ಳಾರಿಗೆ ಹೋಗಿ ಕಣ್ಣು ತೋರಿಸ್ಕೊಂಬರ್ತೀನಿ. ಭಾಳ ಮಬ್ಬಾಗ್ಯಾವು."

ಗೆದ್ದ ಮೇಲೆ ಮಾವ ತಾವಾಗಿಯೇ ಆಡಿದ ಈ ಮಾತನ್ನು, ಸೋಲುತ್ತಿದ್ದಾಗ ಗದರಿಸಿ ಹೇಳಿಸಲು ಹೋಗಿದ್ದೆವಲ್ಲ, ಕಣ್ಣು ಮಬ್ಬಾಗಿದ್ದು ಯಾರಿಗೆ?