ತಾಟು ನೋಡದೆ ಬಡಿಸುತ್ತಿದ್ದ ಕಾಕಾ

ಕಾಕಾನ ಬಲಗಿವಿಯಲ್ಲಿ ಬೆಳ್ಳನೆಯ ಕೂದಲು ಗರಿಕೆಯಂತೆ ಎದ್ದು ನಿಂತಿರುತ್ತಿತ್ತು. ಬಿಸಿ ಬ್ಯಾಳಿಸಾರಿನ ಬಕೀಟು ಹಿಡಿದು ಬೆಂಚುಗಳ ನಡುವೆ ಬರುವಾಗ ಅವರು ಆ ಕಿವಿಯನ್ನೇ ಮುಂದೆ ಮಾಡಿ, ಕುತ್ತಿಗೆ ಓರೆಯಾಗಿಟ್ಟು ನಡೆಯುತ್ತಿದ್ದರು.

ನಾನು ನರೋಣಾದವಳು. ಅಫಜಲಪುರದ ಶಾಲೆಯೊಂದಕ್ಕೆ ಅತಿಥಿ ಶಿಕ್ಷಕಿಯಾಗಿ ಬಂದಾಗ ಮಧ್ಯಾಹ್ನದ ಊಟ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ. ಕಾಕಾ ಅಲ್ಲಿ ಇಪ್ಪತ್ತಾರು ವರ್ಷದಿಂದ ಸಪ್ಲಾಯರ್. ಮೊದಲ ದಿನ ನಾನು ಹೆಂಗಸರಿಗೆಂದು ಕಟ್ಟಿದ್ದ ಪರದೆಯ ಹಿಂದೆ ಹೋಗಿ ಕುಳಿತೆ.

"ಅಲ್ಲಿ ಗಾಳಿ ಇಲ್ರಿ ಅಕ್ಕೋರ. ಫ್ಯಾನಿನ ಬುಡಕ ಬರ್ರಿ. ಉಣ್ಣಾಕ ಯಾರ ಅಂಜಿಕಿ?" ಅಂತ ಕಾಕಾ ಕರೆದರು.

ನನ್ನ ಅಂದಿನ ದಿನಚರಿಯಲ್ಲಿದೆ: ರೊಟ್ಟಿ ಮೂರು, ಬೇಡ ಅಂದದ್ದು ಎರಡು ಸಲ.

ದಿನಾ ಬರುವ ಕಂಡಕ್ಟರ್ ಒಬ್ಬ ಕೆಣಕುತ್ತಿದ್ದ. "ಕಾಕಾ, ಪಲ್ಯಾಕ ಉಪ್ಪು ಹಾಕೂದು ಮರ್ತೀರೇನು?"

"ಉಪ್ಪು ಅದ. ಮನ್ಯಾಗ ಬೈಸ್ಕೊಂಡು ಬಂದೀದಿ, ನಿನ್ನ ನಾಲಗಿ ಸತ್ತದ. ಸುಮ್ನ ಉಣ್ಣಲೇ."

ಅವರು ಯಾರ ತಾಟನ್ನೂ ನೋಡುತ್ತಿರಲಿಲ್ಲ. ಎಡಗೈ ಬೆರಳಿಂದ ತಾಟಿನ ಅಂಚು ಮುಟ್ಟುವುದು, ಬಲಗೈಯಿಂದ ಬಡಿಸುವುದು, ಮುಂದಕ್ಕೆ ಹೋಗುವುದು. ಆದರೂ ನನ್ನ ಕೊನೆಯ ತುತ್ತಿಗೆ ಸರಿಯಾಗಿ ಮುಂದಿನ ರೊಟ್ಟಿ ಬಂದಿರುತ್ತಿತ್ತು. ಹೇಗೆಂದು ಒಮ್ಮೆ ಕೇಳಿದೆ.

"ಸಪ್ಲಾಯರ್‌ಗೆ ಕಾಲಲ್ರಿ ಅಕ್ಕೋರ, ಕಿವಿ ಬೇಕು. ಖಡಕ್ ರೊಟ್ಟಿ ಮುರಿಯೂ ಸಪ್ಪಳ ಸಣ್ಣ ಆತಂದ್ರ ತುದಿ ಉಳದದ. ಆಗ ಹೋಗ್ಬೇಕು. ಸಪ್ಪಳ ನಿಂತ ಮ್ಯಾಲ ಹೋದ್ರ ತಡಾ ಆತು."

ನಾನು ಬೆರಗಾಗಿ ದಿನಚರಿಯಲ್ಲಿ ನಲವತ್ತು ಊಟಗಳ ಲೆಕ್ಕ ಇಟ್ಟೆ. ಕಾಕಾ ಬರಲು ತಡವಾದದ್ದು ಒಮ್ಮೆ. ಅವತ್ತು ಹೊರಗೆ ಬ್ಯಾಂಡು ಬಾರಿಸುತ್ತಿದ್ದರು. ಆ ಪುಟವನ್ನು ಹಿಗ್ಗಿನಿಂದ ಮಾಲಕರಿಗೆ ತೋರಿಸಿದೆ.

"ನೋಡ್ರಿ ಸಾವ್ಕಾರ್ರ, ನಿಮ್ಮ ಕಾಕಾ ಒಂದಿನಾನೂ ನನ್ನ ತಾಟು ನೋಡಿಲ್ಲ. ಕಿವಿಲೇ ಬಡಸ್ತಾರ!"

ಸಾವ್ಕಾರರು ನಕ್ಕರು. ಆಮೇಲೆ ಅವರ ನಗು ನಿಂತಿತು. ಕಾಕಾನನ್ನು ಕರೆದು, ಒಂದು ತಾಟನ್ನು ಅವರ ಮುಂದೆ ಹಿಡಿದರು.

"ಕಾಕಾ, ಇದರಾಗ ಏನದ ಹೇಳ್ರಿ."

ಕಾಕಾ ಬಲಗಿವಿಯನ್ನು ತಾಟಿನ ಕಡೆ ಓರೆ ಮಾಡಿದರು. "ತಾಟು ಮಾತಾಡವಲ್ದಲ್ರೀ," ಅಂದರು. ಯಾರೂ ನಗಲಿಲ್ಲ.

ಕಣ್ಣಿನ ನರ ಒಣಗಿವೆ, ಮದ್ದಿಲ್ಲ ಎಂದು ವೈದ್ಯರು ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ. ಸಾವ್ಕಾರರು ಅವರ ಕೈಯಿಂದ ಬಕೀಟು ತೆಗೆದುಕೊಂಡರು.

"ಕುದಿಯೂ ಬ್ಯಾಳಿ ಅದ ಕಾಕಾ. ಯಾರದರೆ ತೊಡಿ ಮ್ಯಾಲ ಬಿದ್ರ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಮರುವಾರ ಬಾಗಿಲಲ್ಲಿ ಚೀಟಿ ಅಂಟಿತ್ತು: 'ಸಪ್ಲಾಯರ್ ಬೇಕಾಗಿದ್ದಾರೆ. ಓದು ಬರಹ ಬರಬೇಕು, ಚುರುಕಾಗಿರಬೇಕು.' ಕಾಕಾ ಘತ್ತರಗಿಯ ಮಗಳ ಮನೆಗೆ ಹೋಗಿದ್ದರು. ಹೊಸಬನಿಗೆ ಚೀಟಿಯಲ್ಲಿದ್ದ ಎಲ್ಲವೂ ಬರುತ್ತಿತ್ತು. ನಾನು ಖಾಲಿ ತಾಟಿನ ಮುಂದೆ ಎಷ್ಟೋ ಸಲ ಕಾದು, ಎದ್ದು ಬಂದೆ.

ಈ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಅದಕ್ಕೆ ಮೊದಲು ಒಮ್ಮೆ ಮಾತ್ರ, ಒಂದು ಭಾನುವಾರ, ಅವರನ್ನು ನೋಡಿ ಬಂದೆ. ಮಗಳು ನೀರು ತರಲು ಹೋಗಿದ್ದಳು. ಅವರಿಗೆ ನಾನೇ ಬಡಿಸಿದೆ. ಬಡಿಸಿ ಎದುರಿಗೇ ನಿಂತೆ.

"ನಿಂತು ನೋಡಬ್ಯಾಡ್ರಿ ಅಕ್ಕೋರ," ಅಂದರು. "ಬಡಿಸಿದವರು ಕಣ್ಣು ಬ್ಯಾರೆ ಕಡೆ ಇಡಬೇಕು. ಉಣ್ಣೋರಿಗೆ ನಾಚಿಕಿ ಆಗ್ತದ."

"ಕಾಕಾ, ಅವತ್ತು ನಾ ಬಾಯಿ ಮುಚ್ಕೊಂಡಿದ್ರ..."

"ನೀವು ಹೊಗಳಿದ್ರಿ. ಇಷ್ಟು ವರ್ಷದಾಗ ಉಂಡು ಕೈ ತೊಳ್ಕೊಂಡು ಹೋದವರೇ ಎಲ್ಲಾರೂ. ಹೊಗಳಿದವರು ನೀವೊಬ್ರೇ. ಅದನ್ನೂ ಯಾಕ ವಾಪಸ್ ತಗೋತೀರಿ?"

ಬಾಗಿಲ ಕಡೆ ಮುಖ ತಿರುಗಿಸಿ ನಿಂತೆ. ಅವರು ಹೊಟ್ಟೆತುಂಬ ಉಂಡರು.