ಕರ್ಯಾನ ಬಾಯಿಯ ರಕ್ತ

ಮಾಳಪ್ಪಾ, ನಿನ್ನ ಕುರಿಮರಿಗಳನ್ನು ಕೊಂದದ್ದು ನಿನ್ನ ಕಾವಲುನಾಯಿ ಕರ್ಯಾ ಅಲ್ಲ. ನನ್ನ ಮೋತಿ. ನಾನು ಬೇವಿನ ಮರದ ಕೆಳಗೆ ಕುಳಿತು ಎಲ್ಲವನ್ನೂ ಕಣ್ಣಾರೆ ನೋಡಿದ್ದೆ. ನೋಡಿಯೂ ಸುಳ್ಳು ಹೇಳಿದೆ — ಒಂದೇ ಮಾತಿನ ಸುಳ್ಳು, ಅದೂ ನಿನ್ನ ಮುಖ ನೋಡಿಕೊಂಡೇ.

ಮೋತಿಯನ್ನು ನೀನು ಬಲ್ಲೆ. ಲ್ಯಾಬ್ರಡಾರ್ ಎಂದರೆ ಬಂದೂಕಿನವರ ನಾಯಿ. ಹೊಡೆದು ಕೆಡವಿದ ಹಕ್ಕಿಯನ್ನು ಹಲ್ಲು ತಾಗಿಸದೆ ಎತ್ತಿ ತರಲೆಂದೇ ಬೆಳೆಸಿದ ಜಾತಿ. ಅದು ಬಂದು ಸೇರಿದ್ದು ಸೊಲ್ಲಾಪುರದ ನಮ್ಮ ಮನೆಯನ್ನು — ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಚಾದರ ವ್ಯಾಪಾರಿಗಳ ಮನೆಯನ್ನು. ಹಾಲು, ಮೊಸರು, ಜೋಳದ ರೊಟ್ಟಿ ತಿಂದು ಬೆಳೆಯಿತು. ಸೋಮವಾರ ಬಂತೆಂದರೆ ನನ್ನ ಅತ್ತೆ ಅದರ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಕೂಡು, ನಿಲ್ಲು, ತಾ, ಬಿಡು — ಎಲ್ಲ ನಾನೇ ಕಲಿಸಿದ್ದು. ಒಂದು ಕಡಕ್ ರೊಟ್ಟಿ ಬಾಯಿಗೆ ಕೊಟ್ಟರೆ ಅಂಚೂ ಮುರಿಯದಂತೆ ಅಡುಗೆಮನೆಯಿಂದ ಅಂಗಡಿಗೆ ಒಯ್ದು ನಮ್ಮ ಯಜಮಾನರ ಕೈಗೆ ಕೊಡುತ್ತಿತ್ತು. ಗಿರಾಕಿಗಳು ಚಾದರ ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

"ನಮ್ಮ ಮನಿ ಅನ್ನಾ ತಿಂದು ಅದರ ಹುಟ್ಟುಗುಣಾನ ಹೋಗ್ಯಾದ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ರೊಟ್ಟಿ ಮೊಸರು ಹಾಕಿದರೆ ನಾಯಿ ಸಾಧುವಾಗಿಬಿಡುತ್ತದೆ ಎಂದು ನಂಬಿಕೊಂಡ ಮನೆ ನಮ್ಮದು. ಎಂಥ ಜಂಬ!

ಆದರೆ ನಾನು ಪೂರ್ತಿ ನಂಬಿರಲಿಲ್ಲ. ಇದನ್ನೂ ಹೇಳಿಬಿಡಬೇಕು.

ಆ ಬೇಸಿಗೆ ನೀನು ಗೊಬ್ಬರಕ್ಕೆಂದು ನಾಗಣಸೂರಿನ ನಮ್ಮ ಹೊಲದಲ್ಲಿ ಕುರಿ ತರುಬಿದ್ದೆ. ನಾನೂ ಅತ್ತೆಯೂ ಮೋತಿಯನ್ನು ಕರೆದುಕೊಂಡು ಹೊಲದ ಮನೆಗೆ ಬಂದಿದ್ದೆವು. ಒಂದು ಮುಂಜಾನೆ ಬದುವಿನ ಮೇಲೆ ಹೋಗುವಾಗ ಮೋತಿ ತಟ್ಟನೆ ನಿಂತಿತು. ಒಂದು ಮುಂಗಾಲು ಮೇಲೆ, ಬಾಲ ನೆಟ್ಟಗೆ, ಉಸಿರೇ ಇಲ್ಲದಂತೆ. ಅದನ್ನು ನಾನು ಕಲಿಸಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಮರುಕ್ಷಣ ಪೊದೆಯೊಳಗೆ ಹಾರಿ ಒಂದು ಕೌಜುಗದ ಹಕ್ಕಿಯನ್ನು ತಂದು ನನ್ನ ಕೈಗಿಟ್ಟಿತು. ಹಕ್ಕಿಯ ಮೈ ಇನ್ನೂ ಬೆಚ್ಚಗಿತ್ತು. ನಾನು ಬೈಯಬೇಕಿತ್ತು. "ಶಾಬ್ಬಾಸ್" ಎಂದೆ. ಹಕ್ಕಿಯನ್ನು ಮಣ್ಣಿನಲ್ಲಿ ಮುಚ್ಚಿ ಮನೆಗೆ ಬಂದೆ, ಅತ್ತೆಗೆ ಹೇಳಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು, ಮಾಳಪ್ಪಾ.

ಆಮೇಲೆ ಆ ಮಧ್ಯಾಹ್ನ. ನೀನು ಕುರಿ ಮೇಯಿಸಲು ಹೋಗಿದ್ದೆ, ನಿನ್ನ ಹೆಂಡತಿ ನೀರಿಗೆ ಹೋಗಿದ್ದಳು. ಎಳೆಮರಿಗಳು ಸುತ್ತ ಬಲೆ ಕಟ್ಟಿ ಮಾಡಿದ ದಡ್ಡಿಯೊಳಗೆ ಕುಣಿಯುತ್ತಿದ್ದವು. ಕಾವಲಿಗಿದ್ದ ಕರ್ಯಾ ಆಚೆ ಬದಿಯ ನೆರಳಲ್ಲಿ ಮಲಗಿತ್ತು. ದಿನವೂ ಜೊತೆಗೆ ಆಡುವ ಮೋತಿಯ ಮೇಲೆ ಅದಕ್ಕೇನು ಅನುಮಾನ? ನನ್ನ ಪಕ್ಕದಲ್ಲಿದ್ದ ಮೋತಿ ಎದ್ದು ನಿಂತಿತು. ಮತ್ತೆ ಅದೇ ಮುಂಗಾಲು, ಅದೇ ಬಾಲ.

ಆಗ ಒಂದು ಸಲ "ಕೂಡು" ಎಂದಿದ್ದರೆ ಸಾಕಿತ್ತು. ಕೂಡುತ್ತಿತ್ತು — ನನ್ನ ಮಾತು ಅದು ಎಂದೂ ಮೀರಿರಲಿಲ್ಲ. ನಾನು ಮಾತಾಡುವ ಬದಲು ಮೊಬೈಲ್ ಎತ್ತಿದೆ. ಆ ನಿಲುವು ಅಷ್ಟು ಚೆಂದವಾಗಿತ್ತು, ವಿಡಿಯೋ ಮಾಡಿಕೊಳ್ಳೋಣ ಎಂದು...

ಬಲೆ ಹಾರಿ ಒಳಹೊಕ್ಕು, ಮೊದಲ ಮರಿಯನ್ನು ಅದು ರೊಟ್ಟಿ ತರುವಷ್ಟೇ ಮೆಲ್ಲಗೆ ತಂದಿತು. ನನ್ನ ಕಾಲ ಬಳಿ ಇಟ್ಟಿತು. ಮರಿ ಜೀವಂತವಾಗಿತ್ತು, ಮೈಯೆಲ್ಲ ಜೊಲ್ಲು. ನನ್ನ ಕೈ ತಾನಾಗಿ ಮೋತಿಯ ತಲೆ ಸವರಿತು. ಶಹಭಾಸಗಿರಿ ಸಿಕ್ಕಿತೆಂದು ಅದು ಮತ್ತೆ ಓಡಿತು. ಈ ಸಲ ಮರಿಗಳು ಬೆದರಿ ದಿಕ್ಕಾಪಾಲಾದವು. ಓಡುವುದನ್ನು ಕಂಡದ್ದೇ ತಡ, ಅದು ನನ್ನ ಮೋತಿಯಾಗಿ ಉಳಿಯಲಿಲ್ಲ. ಕುತ್ತಿಗೆ ಹಿಡಿಯಿತು, ಕೊಡವಿತು, ಬಿಸಾಕಿತು, ಇನ್ನೊಂದನ್ನು ಹಿಡಿಯಿತು. ನಾನು ಕೂಗಿದೆ. ಕೇಳಿಸಿಕೊಳ್ಳಲಿಲ್ಲ. ಕರ್ಯಾ ಹಾರಿ ಬಂದು ಅದರ ಬಾಯಿಂದ ಒಂದು ಮರಿಯನ್ನು ಬಿಡಿಸಿಕೊಂಡಿತು. ಆ ಹೊತ್ತಿಗೆ ಅದೂ ಸತ್ತಿತ್ತು.

ನಾನು ಮೋತಿಯ ಕೊರಳಪಟ್ಟಿ ಹಿಡಿದೆಳೆದುಕೊಂಡು ಹೋಗಿ ನೀರಿನ ಹೌದದಲ್ಲಿ ಅದರ ಮೋರೆ ತೊಳೆದೆ. ವಿಡಿಯೋ ಅಳಿಸಿದೆ. ತಿರುಗಿ ಬಂದಾಗ ಕರ್ಯಾ ಬಿದ್ದ ಮರಿಗಳನ್ನು ನೆಕ್ಕುತ್ತಿತ್ತು — ಎಬ್ಬಿಸಲು ನೋಡುತ್ತಿತ್ತು. ಅದರ ಬಾಯಿ ಪೂರಾ ರಕ್ತ. ನೀನು ಬಂದು ಕಂಡದ್ದು ಅದನ್ನೇ.

"ಅವ್ವಾರ, ನೀವು ಇಲ್ಲೇ ಇದ್ರಲ್ರಿ. ಯಾ ನಾಯಿ ಮಾಡೇತ್ರಿ ಇದನ್ನ?"

"ನಮ್ಮ ಮೋತಿ ನನ್ನ ಕಾಲಾಗನ ಮಲಗಿತ್ತಪಾ" ಎಂದೆ.

ಕರ್ಯಾನ ಹೆಸರನ್ನು ನಾನು ಎತ್ತಲಿಲ್ಲ. ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡು ನಿದ್ದೆ ಮಾಡಿದೆ: ನಾನು ಯಾರ ಮೇಲೂ ಹೊರಿಸಲಿಲ್ಲವಲ್ಲ! ಹೊರಿಸುವುದು ಇನ್ನೇನು ಉಳಿದಿತ್ತು? ನಿಜ ಹೇಳಿದ್ದರೆ ಅತ್ತೆ ಮೋತಿಯನ್ನು ಅಂದೇ ಮನೆಯಿಂದ ಹೊರಗೆ ಹಾಕುತ್ತಿದ್ದರು. ಒಂದು ನಾಯಿ ಹೋಗಲೇಬೇಕಿತ್ತು. ನಿನ್ನದು ಹೋಗಲಿ ಎಂದುಕೊಂಡೆ.

ನೀನು ಕರ್ಯಾನನ್ನು ಹೊಡೆಯಲಿಲ್ಲ. ಅದರ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿದೆ, ರೊಟ್ಟಿ ತಿನ್ನಿಸಿದೆ, ಕಾಲು ಮುಟ್ಟಿದೆ. "ನೀ ಮೈಲಾರಪ್ಪನ ನಾಯಿ, ನಿನ್ನ ಮ್ಯಾಲ ಕೈ ಎತ್ತಾಂಗಿಲ್ಲ. ಖರೆ ಮರಿ ರುಚಿ ಹತ್ತಿದ ಮ್ಯಾಲ ದಡ್ಡ್ಯಾಗ ಇಟಗೊಳ್ಳಾಂಗಿಲ್ಲ. ತಪ್ಪ ತಿಳೀಬ್ಯಾಡಪಾ" ಎಂದು ಅದರೊಡನೆ ಮಾತಾಡಿದೆ. ನೀನು ಅಳುತ್ತಿದ್ದೆ. ಟೆಂಪೋದಲ್ಲಿ ಹಾಕಿಕೊಂಡು ದುಧನಿ ಊರಿನಾಚೆ ರಾಜ್ಯದ ಗಡಿ ದಾಟಿಸಿ ಬಿಟ್ಟುಬಂದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅದು ತಿರುಗಿ ಬಂತು. ಕುಂಟುತ್ತ, ಸೊರಗಿ, ಬಾಲ ಅಲ್ಲಾಡಿಸುತ್ತ ನೇರ ದಡ್ಡಿಗೇ ಬಂತು. ದೇವರ ನಾಯಿಯೆಂದು ಕೈ ಎತ್ತದ ನೀನು ಅಂದು ಮಣ್ಣಿನ ಹೆಂಟೆ ಎತ್ತಿ ಒಗೆದೆ. ಒಗೆದ ಮೇಲೆ ಗಲ್ಲ ಗಲ್ಲ ಬಡಿದುಕೊಂಡೆ. ಆ ಪಾಪವನ್ನು ನಿನ್ನ ಕೈಯಿಂದ ಮಾಡಿಸಿದವಳು ನಾನು. ಕರ್ಯಾ ಸ್ವಲ್ಪ ದೂರ ಹೋಗಿ, ಕುರಿಗಳ ಕಡೆಗೇ ಮುಖ ಮಾಡಿ ಕುಳಿತುಕೊಂಡಿತು. ಆಗಲೂ ನಾನು ಬಾಯಿ ಬಿಡಬಹುದಿತ್ತು, ನೀನು ಹತ್ತು ಹೆಜ್ಜೆಯಾಚೆ ನಿಂತಿದ್ದೆ. ಬಿಡಲಿಲ್ಲ. ಮರುದಿನ ಅದು ಅಲ್ಲಿರಲಿಲ್ಲ. ಎಲ್ಲಿ ಸತ್ತಿತೋ ನನಗೆ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆಯೇ ತೋಳ ನಿನ್ನ ದಡ್ಡಿಗೆ ನುಗ್ಗಿತೆಂದು ಕೇಳಿದೆ. ಎದುರು ನಿಲ್ಲಲು ನಾಯಿಯಿರಲಿಲ್ಲ ಎಂದೂ ಕೇಳಿದೆ.

ಮೋತಿಯನ್ನು ಮತ್ತೆಂದೂ ಹೊಲಕ್ಕೆ ತರಲಿಲ್ಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದು ಹುಟ್ಟಿದಂತೆ ನಡೆಯಿತು. ಮೊದಲ ಮರಿಗೆ ತಲೆ ಸವರಿದವಳು ನಾನು. ಮೊನ್ನೆ ಅದು ಮುಪ್ಪಾಗಿ ಸತ್ತಾಗ ಗಲ್ಲಿಯವರೆಲ್ಲ ಹೂಮಾಲೆ ತಂದರು. ಸುದ್ದಿ ಕೇಳಿ ನೀನೂ ಸೊಲ್ಲಾಪುರಕ್ಕೆ ಬಂದೆ. "ಇಂಥಾ ಸಾಧು ಜೀವ ನಾ ನೋಡಿಲ್ರಿ ಅವ್ವಾರ. ನಮ್ಮ ಕರ್ಯಾಗ ಇದರ ಗುಣ ಒಂದೀಟರ ಬಂದಿದ್ರ..." ಎಂದು ಕಣ್ಣೊರೆಸಿಕೊಂಡೆ. ನಾನು ನಿನಗೆ ಚಹಾ ಕೊಟ್ಟೆ. ಅಷ್ಟೇ ಮಾಡಿದೆ.

ನಿನಗೆ ಓದಲು ಬರುವುದಿಲ್ಲ. ನಿನ್ನ ಮಕ್ಕಳು ಕಲಿತದ್ದು ಮರಾಠಿ ಸಾಲೆಯಲ್ಲಿ. ಅಂದಮೇಲೆ ಇದನ್ನು ಇಲ್ಲಿ ಬರೆದು ಕೈ ತೊಳೆದುಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾಳೆ ಅಕ್ಕಲಕೋಟದ ಬಸ್ಸು ಹಿಡಿದು ಅಲ್ಲಿಂದ ನಾಗಣಸೂರಿಗೆ ಬರುತ್ತೇನೆ. ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಇರುವಾಗಲೇ ಹೇಳುತ್ತೇನೆ. ನನ್ನನ್ನು ಕಂಡೊಡನೆ "ಬರ್ರಿ ಅವ್ವಾರ, ಕೂಡ್ರಿ" ಎಂದು ನೀನು ಕಂಬಳಿ ಹಾಸುತ್ತೀಯ. ನಾನು ಕೂಡುವುದಿಲ್ಲ, ನಿಂತೇ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೂ ನೀನು ಕೂಡು ಎನ್ನುವೆಯೋ ಇಲ್ಲವೋ — ಅದನ್ನು ಕೇಳುವ ಹಕ್ಕು ನನಗಿಲ್ಲ.